ಮಕ್ಕಳ ಹಠವೂ ಹಿರಿಯರ ಹೊಣೆಯೂ

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಸಭೆಯಲ್ಲಿ ಪಾಠಶಾಲೆಯ ಪಂಡಿತನು ಮಾತನಾಡಲು ನಿಂತರೆ ಶಾಸ್ತ್ರವಿಷಯವನ್ನೇ ಎತ್ತಿಕೊಳ್ಳುವನೆಂದು ತಾವೆಲ್ಲರೂ ನಿರೀಕ್ಷಿಸಿರುವುದು ಸಹಜವೇ ಸರಿ. ಆದರೆ ಈಚಿನ ವರ್ಷಗಳಲ್ಲಿ ಶ್ರೀಮಠದ ಬಾಗಿಲಿಗೆ ಬರುವ ತಾಯಿತಂದೆಗಳು ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆಯು ಶಾಸ್ತ್ರದ್ದಲ್ಲ, ಮನೆಯದು. “ಬುದ್ಧೀ, ಹುಡುಗ ಹೇಳಿದ ಮಾತು ಕೇಳುವುದಿಲ್ಲ. ಒಂದು ಹೇಳಿದರೆ ಎರಡು ಆಡುತ್ತಾನೆ. ಹೊಡೆದೂ ಆಯಿತು, ಬೈದೂ ಆಯಿತು. ತಾವೇ ಇವನನ್ನು ಮಠದ ನಿಲಯದಲ್ಲಿಟ್ಟುಕೊಂಡು ತಿದ್ದಬೇಕು” ಎಂದು ಶ್ರೀಗಳವರಲ್ಲಿ ಬಿನ್ನವಿಸಿಕೊಳ್ಳುವವರನ್ನು ನಾವೆಲ್ಲರೂ ಕಂಡಿದ್ದೇವೆ. ತಾಯಿಯು ಹೀಗೆ ಹೇಳುತ್ತಿರುವಾಗ ಎಂಟೊಂಬತ್ತು ವರ್ಷದ ಬಾಲಕನು ಪಕ್ಕದಲ್ಲಿ ನೆಲವನ್ನು ನೋಡುತ್ತ ನಿಂತಿರುವನು. ತನ್ನ ವಿಷಯದಲ್ಲಿ ಹಿರಿಯರೆಲ್ಲರೂ ಸೇರಿ ತೀರ್ಪು ಕೊಟ್ಟುಬಿಟ್ಟರೆಂಬುದು ಅವನಿಗೆ ತಿಳಿದಿದೆ. ಆ ತೀರ್ಪು ಸರಿಯೇ ಎಂಬುದನ್ನು ವಿಚಾರಮಾಡುವುದೇ ಇಂದಿನ ಈ ಉಪನ್ಯಾಸದ ಉದ್ದೇಶವು.

ಈ ಪ್ರಶ್ನೆಯನ್ನು ಹೊತ್ತು ಬರುವವರು ಒಂದೇ ಸ್ಥಿತಿಯವರಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರುಂಟು. ಬೊಮ್ಮಸಂದ್ರ, ಜಿಗಣಿಗಳ ಕಡೆಯಿಂದ ಬರುವವರುಂಟು. ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಗಣಕಯಂತ್ರದ ಮುಂದೆ ಕುಳಿತು ಪರದೇಶದ ವೇಳೆಗೆ ತಮ್ಮ ರಾತ್ರಿಯನ್ನು ಹೊಂದಿಸಿಕೊಳ್ಳುವವರೂ ಉಂಟು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಒಂದು ತಲೆಮಾರಿನೊಳಗೆ ರಾಗಿಯ ಹೊಲಗಳಿದ್ದ ಕಡೆ ಊರುಗಳೆದ್ದವು. ತುಮಕೂರು, ಹಾಸನಗಳಿಂದಲೂ, ಕಲಬುರಗಿ, ರಾಯಚೂರುಗಳಿಂದಲೂ ಸಂಸಾರಗಳು ಬಂದು ನೆಲೆಸಿದವು. ಕೆಲಸವು ದೊರೆಯಿತು, ಮಕ್ಕಳಿಗೆ ಶಾಲೆಯೂ ದೊರೆಯಿತು. ಆದರೆ ಹಠಹಿಡಿದ ಮಗುವನ್ನು ಒಂದು ಗಳಿಗೆ ಎತ್ತಿಕೊಂಡು ಹೋಗಿ ಸಮಾಧಾನಪಡಿಸುತ್ತಿದ್ದ ದೊಡ್ಡಮ್ಮನ ಮನೆ, ಸೋದರಮಾವನ ಜಗಲಿಗಳು ಊರಿನಲ್ಲಿಯೇ ಉಳಿದುವು.

ಸಂಜ್ಞೆಯೂ ಲಕ್ಷಣವೂ

ಯಾವುದೇ ವಿಷಯವನ್ನು ವಿಚಾರಿಸುವಾಗ ಮೊದಲು ಅದರ ಹೆಸರನ್ನು ಹೇಳಿ, ಆಮೇಲೆ ಲಕ್ಷಣವನ್ನು ಹೇಳಿ, ತರುವಾಯ ಪರೀಕ್ಷಿಸಬೇಕೆಂಬುದು ತರ್ಕಶಾಸ್ತ್ರದ ಕ್ರಮವು. ಇಂದಿನ ಮನೋವೈದ್ಯರು ಮಕ್ಕಳ ಒಂದು ವಿಶಿಷ್ಟವಾದ ಸ್ಥಿತಿಗೆ ‘ಅಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್’ ಎಂದು ಹೆಸರಿಟ್ಟಿದ್ದಾರೆ. ನಾವು ಇದನ್ನು ‘ವಿರೋಧವಿಕಾರ’ವೆಂದು ಕರೆಯಬಹುದು. ಅಮೆರಿಕದ ಮನೋವೈದ್ಯಸಂಘವು ಪ್ರಕಟಿಸುವ ರೋಗಲಕ್ಷಣಗ್ರಂಥದಲ್ಲಿ ಇದು 1980ರಲ್ಲಿ ಮೊದಲು ಸೇರಿತು; 1987ರಲ್ಲಿ ಈಗಿನ ಹೆಸರನ್ನು ಪಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನವುಂಟು.

2013ರಲ್ಲಿ ಪ್ರಕಟವಾದ ಆ ಗ್ರಂಥದ ಐದನೆಯ ಆವೃತ್ತಿಯು ಎಂಟು ಚಿಹ್ನೆಗಳನ್ನು ಹೇಳುತ್ತದೆ. ಪದೇ ಪದೇ ಸಿಟ್ಟಿಗೆ ವಶನಾಗುವುದು, ಸಣ್ಣ ಮಾತಿಗೂ ಕೆರಳುವುದು, ಸದಾ ಕೋಪವನ್ನೂ ಅಸಮಾಧಾನವನ್ನೂ ಒಳಗೆ ಇಟ್ಟುಕೊಂಡಿರುವುದು, ಹಿರಿಯರೊಡನೆ ವಾದಕ್ಕೆ ನಿಲ್ಲುವುದು, ಹೇಳಿದುದನ್ನು ಮಾಡೆನೆಂದು ನಿರಾಕರಿಸುವುದು, ಬೇಕೆಂದೇ ಇತರರನ್ನು ಕೆಣಕುವುದು, ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು, ಹಗೆಯನ್ನು ಸಾಧಿಸುವುದು. ಇವುಗಳಲ್ಲಿ ಕನಿಷ್ಠಪಕ್ಷ ನಾಲ್ಕು ಚಿಹ್ನೆಗಳು ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಕಾಣಿಸಿಕೊಂಡು, ಒಡಹುಟ್ಟಿದವರಲ್ಲದ ಒಬ್ಬರೊಡನೆಯಾದರೂ ಅವು ಪ್ರಕಟವಾಗಿ, ಮಗುವಿನ ಓದಿಗೋ ಮನೆಯ ನೆಮ್ಮದಿಗೋ ಭಂಗವನ್ನುಂಟುಮಾಡುತ್ತಿದ್ದರೆ ಮಾತ್ರ ಈ ಹೆಸರನ್ನು ಹೇಳಬಹುದು.

ಲಕ್ಷಣವಾಕ್ಯಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿಗಳೆಂಬ ದೋಷಗಳು ಬರಬಾರದೆಂದು ನಮ್ಮ ವಿದ್ಯಾರ್ಥಿಗಳು ಓದಿದ್ದಾರೆ. ಅವುಗಳನ್ನು ಇಲ್ಲಿಯೂ ಎಚ್ಚರದಿಂದ ಪರಿಹರಿಸಿಕೊಳ್ಳಬೇಕು. ಮೂರು ವರ್ಷದ ಕೂಸು ಬೀದಿಯಲ್ಲಿ ಹೊರಳಾಡಿ ಅತ್ತಿತೆಂದು ಈ ವಿಕಾರವನ್ನು ಆರೋಪಿಸಿದರೆ ಅದು ಅತಿವ್ಯಾಪ್ತಿ. ಆ ವಯಸ್ಸಿನ ಹಠವು ತಾನೆಂಬ ಅರಿವು ಮೊಳೆಯುವ ಕಾಲದ ಸಹಜಧರ್ಮ. ಹದಿನಾಲ್ಕು ವರ್ಷದ ಹುಡುಗಿಯು “ಏಕೆ?” ಎಂದು ಕಾರಣ ಕೇಳಿದರೆ ಅದೂ ವಿಕಾರವಲ್ಲ, ಕಾರಣವನ್ನು ಕೇಳುವುದು ಬುದ್ಧಿಯ ಗುಣವೇ ಹೊರತು ದೋಷವಲ್ಲ. ಇದಕ್ಕಾಗಿಯೇ ವೈದ್ಯರು ಐದು ವರ್ಷಕ್ಕಿಂತ ಚಿಕ್ಕವರಲ್ಲಿ ಈ ನಡತೆಯು ಹೆಚ್ಚು ದಿನಗಳಲ್ಲಿ ಕಾಣಬೇಕೆಂದೂ, ಐದು ವರ್ಷ ತುಂಬಿದವರಲ್ಲಿ ವಾರಕ್ಕೊಮ್ಮೆಯಾದರೂ ಕಾಣಬೇಕೆಂದೂ ಅಳತೆಯನ್ನಿಟ್ಟಿದ್ದಾರೆ. ಇನ್ನು ಶಾಲೆಯಲ್ಲಿ ಗುಣವಂತನೆನಿಸಿಕೊಂಡು ಮನೆಯಲ್ಲಿ ಮಾತ್ರ ರಂಪಮಾಡುವ ಮಗುವನ್ನು “ಇವನಿಗೇನೂ ಇಲ್ಲ, ಬರೀ ಕೊಬ್ಬು” ಎಂದು ಬಿಟ್ಟುಬಿಟ್ಟರೆ ಅದು ಅವ್ಯಾಪ್ತಿ. ಈ ವಿಕಾರವು ಒಂದೇ ಸ್ಥಳದಲ್ಲಿ, ಹೆಚ್ಚಾಗಿ ಮನೆಯಲ್ಲಿಯೇ, ಕಾಣಿಸಿಕೊಳ್ಳುವುದೂ ಉಂಟು.

ನಮ್ಮ ಬೆಂಗಳೂರಿನ ವಿಷಯದಲ್ಲಿಯೇ ಒಂದು ಲೆಕ್ಕವಿದೆ. ಡಾ. ಶೋಭಾ ಶ್ರೀನಾಥ್ ಮೊದಲಾದ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನಾರು ವರ್ಷದವರೆಗಿನ 2064 ಮಕ್ಕಳನ್ನು ಪರೀಕ್ಷಿಸಲಾಯಿತು. ನಗರದ ಮಧ್ಯಮವರ್ಗ, ಕೊಳಚೆಪ್ರದೇಶ, ಸುತ್ತಣ ಹಳ್ಳಿಗಳು ಈ ಮೂರೂ ಕಡೆಯ ಮಕ್ಕಳು ಅದರಲ್ಲಿದ್ದರು. ಎಲ್ಲ ಬಗೆಯ ಮಾನಸಿಕ ತೊಂದರೆಗಳನ್ನೂ ಕೂಡಿಸಿದರೆ ಶೇಕಡ 12.5ರಷ್ಟು ಮಕ್ಕಳಲ್ಲಿ ಒಂದಿಲ್ಲೊಂದು ಕಂಡುಬಂದಿತು. ಮೂರು ಕಡೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವು ಕಾಣಲಿಲ್ಲ. ಆದುದರಿಂದ “ಪಟ್ಟಣಕ್ಕೆ ಬಂದು ಕೆಟ್ಟೆವು” ಎಂದು ನಗರವನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. “ನಾವು ಓದಿದವರು, ನಮ್ಮ ಮನೆಯಲ್ಲಿ ಹೀಗಾಗದು” ಎನ್ನುವಂತೆಯೂ ಇಲ್ಲ. ಇದಕ್ಕಿಂತಲೂ ಮನಸ್ಸಿಗೆ ತಾಗುವ ಮಾತೊಂದು ಅದೇ ಅಧ್ಯಯನದಲ್ಲಿದೆ: ತಮ್ಮ ಮಗುವಿಗೆ ತೊಂದರೆಯುಂಟೆಂದು ಅರಿತಿದ್ದ ಮನೆಗಳು ಶೇಕಡ 37.5 ಮಾತ್ರ. ಮಿಕ್ಕ ಮನೆಗಳಲ್ಲಿ ಮಗುವಿನ ಸಂಕಟಕ್ಕೆ ಹೆಸರೇ ಇರಲಿಲ್ಲ.

ನಿದಾನ

ಈ ವಿಕಾರವು ಎಲ್ಲಿಂದ ಬರುತ್ತದೆ? ಒಂದೇ ಕಾರಣವನ್ನು ತೋರಿಸಲು ಆಗುವುದಿಲ್ಲ. ಕೆಲವು ಮಕ್ಕಳು ತೊಟ್ಟಿಲಿನಲ್ಲಿರುವಾಗಿನಿಂದಲೂ ಬೇಗನೆ ಕೆರಳುವರು, ನಿಧಾನವಾಗಿ ಶಾಂತರಾಗುವರು. ಅದು ಹುಟ್ಟಿನಿಂದ ಬಂದ ಪ್ರಕೃತಿ. ಆದರೆ ಪ್ರಕೃತಿಯು ವಿಕಾರವಾಗಿ ಬೆಳೆಯುವುದು ಹೇಗೆಂಬುದನ್ನು ಅಮೆರಿಕದ ಆರೆಗನ್ ಪ್ರಾಂತದ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಃಶಾಸ್ತ್ರಜ್ಞರು ಅನೇಕ ಸಂಸಾರಗಳ ನಿತ್ಯವ್ಯವಹಾರವನ್ನು ನೋಡಿ ವಿವರಿಸಿದರು. ಈ ವಿಷಯದ ಅವರ ಮುಖ್ಯಗ್ರಂಥವು 1982ರಲ್ಲಿ ಪ್ರಕಟವಾಯಿತು. ಅದರ ಸಾರವನ್ನು ನಮ್ಮ ಕಡೆಯ ಒಂದು ಮನೆಯಲ್ಲಿಟ್ಟು ನೋಡೋಣ.

ಪೀಣ್ಯದ ಬಳಿ ವಠಾರದ ಒಂದು ಮನೆಯೆಂದು ಭಾವಿಸಿಕೊಳ್ಳಿರಿ. ತಂದೆಯು ಎರಡನೆಯ ಪಾಳಿಗೆ ಹೋಗಿದ್ದಾನೆ. ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಬರುವನು. ತಾಯಿಯು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹಗಲೆಲ್ಲ ನಿಂತು, ಸಂಜೆ ಮನೆಗೆ ಬಂದವಳೇ ಒಲೆ ಹಚ್ಚಿದ್ದಾಳೆ. ಮಗನ ಕೈಯಲ್ಲಿ ಮೊಬೈಲು. ಒಳಗಿನಿಂದಲೇ ತಾಯಿಯು “ಅದನ್ನಿಟ್ಟು ಪಾಠ ಬರಿಯೋ” ಎನ್ನುವಳು. ಅವನು ಕೇಳದಂತಿರುವನು. ಎರಡನೆಯ ಸಲ, ಮೂರನೆಯ ಸಲ, ನಾಲ್ಕನೆಯ ಸಲ ದನಿಯು ಏರುತ್ತ ಹೋಗುವುದು. ಐದನೆಯ ಸಲ ಅವಳು ಬಂದು ಮೊಬೈಲನ್ನು ಕಿತ್ತುಕೊಳ್ಳುವಳು. ಅವನು ಕಿರುಚಿ, ಪುಸ್ತಕವನ್ನೆಸೆದು, ಬಾಗಿಲನ್ನು ಒದೆಯುವನು. ನೆರೆಮನೆಯವರು ಕೇಳುವರೆಂಬ ನಾಚಿಕೆ. ಒಲೆಯ ಮೇಲೆ ಸಾರು ಉಕ್ಕುತ್ತಿದೆ. “ಏನಾದರೂ ಮಾಡಿಕೊಂಡು ಹಾಳಾಗು” ಎಂದು ಮೊಬೈಲನ್ನು ಹಿಂದಕ್ಕೆ ಕೊಟ್ಟು ಅವಳು ಒಳಗೆ ಹೋಗುವಳು. ಮನೆಯು ಶಾಂತವಾಗುವುದು.

ಈ ಒಂದು ಸಂಜೆಯಲ್ಲಿ ಇಬ್ಬರೂ ಒಂದೊಂದು ಪಾಠವನ್ನು ಕಲಿತರು. ಕಿರುಚಿದರೆ ಆಜ್ಞೆಯು ಹಿಂದಕ್ಕೆ ಹೋಗುತ್ತದೆಂದು ಮಗನು ಕಲಿತನು. ಬಿಟ್ಟುಕೊಟ್ಟರೆ ಗದ್ದಲವು ನಿಲ್ಲುತ್ತದೆಂದು ತಾಯಿಯು ಕಲಿತಳು. ಮರುದಿನ ಅವಳು ಸೈರಣೆ ತಪ್ಪಿ ಎರಡೇಟು ಹಾಕಿದಳೆನ್ನಿರಿ. ಅವನು ಕುಳಿತು ಬರೆದನು. ಆಗ ಹೊಡೆದರೆ ಮಾತ್ರ ಕೆಲಸವಾಗುತ್ತದೆಂದು ಅವಳು ಕಲಿತಳು. ಬಲವುಳ್ಳವನೇ ಗೆಲ್ಲುವನೆಂದು ಅವನು ಕಲಿತನು. ಹೀಗೆ ಒಬ್ಬರನ್ನೊಬ್ಬರು ದಿನವೂ ಶಿಕ್ಷಣಕೊಡುತ್ತ, ಒಬ್ಬರ ಬಲಾತ್ಕಾರವು ಇನ್ನೊಬ್ಬರ ಬಲಾತ್ಕಾರಕ್ಕೆ ಕಾರಣವಾಗುತ್ತ ಬರುವುದು. ಬೀಜದಿಂದ ವೃಕ್ಷವೋ ವೃಕ್ಷದಿಂದ ಬೀಜವೋ ಎಂಬಂತೆ, ಮಗನು ಹಠಮಾರಿಯಾದುದರಿಂದ ತಾಯಿಯು ಗದರುವಳೋ, ತಾಯಿಯು ಗದರುವುದರಿಂದ ಮಗನು ಹಠಮಾರಿಯಾದನೋ ಎಂಬುದನ್ನು ನಿರ್ಣಯಿಸಲಾಗದ ಸರಪಣಿಯಿದು. ಇದನ್ನು ನಾನು ತಾಯಿಯನ್ನು ದೂರುವುದಕ್ಕಾಗಿ ಹೇಳಲಿಲ್ಲ. ದಣಿದ ದೇಹವು ಮಾಡುವುದನ್ನೇ ಅವಳು ಮಾಡಿದಳು. ಆದರೆ ಸರಪಣಿಯ ಎರಡು ತುದಿಗಳಲ್ಲಿ ಒಂದನ್ನು ಎಂಟು ವರ್ಷದ ಬಾಲಕನು ಹಿಡಿದಿದ್ದಾನೆ, ಇನ್ನೊಂದನ್ನು ಹಿರಿಯರು ಹಿಡಿದಿದ್ದಾರೆ. ಮೊದಲು ಕೈಸಡಿಲಿಸುವ ಸಾಮರ್ಥ್ಯವಿರುವುದು ಯಾರಿಗೆ? ನನ್ನ ಉಪನ್ಯಾಸದ ಸಾರವೆಲ್ಲವೂ ಈ ಒಂದು ಪ್ರಶ್ನೆಯಲ್ಲಿದೆ.

ವೈಟ್‌ಫೀಲ್ಡಿನ ಬಹುಮಹಡಿಯ ಮನೆಯಲ್ಲಿ ಇದೇ ಸರಪಣಿಯು ಬೇರೆ ಬಗೆಯಾಗಿ ಹೆಣೆಯುತ್ತದೆ. ತಾಯಿತಂದೆಗಳಿಬ್ಬರೂ ಮನೆಯೊಳಗೇ ಇದ್ದರೂ ಕಿವಿಯಲ್ಲಿ ಯಂತ್ರ, ಕಣ್ಣು ಪರದೆಯ ಮೇಲೆ. ಊರಿನಿಂದ ಬಂದ ಅಜ್ಜಿಯು ಮಗುವನ್ನು ನೋಡಿಕೊಳ್ಳುವಳು. ತಂದೆಯು ಬೇಡವೆಂದುದನ್ನು ಅಜ್ಜಿಯು ಕೊಡುವಳು. ಅಜ್ಜಿಯು ಗದರಿದರೆ ತಾಯಿಯು ಅವಳ ಮೇಲೆ ಮುನಿಯುವಳು. ಮೂವರು ಹಿರಿಯರ ಮೂರು ಶಾಸನಗಳಿರುವ ರಾಜ್ಯದಲ್ಲಿ ಪ್ರಜೆಯು ಯಾವ ಶಾಸನವನ್ನೂ ಮನ್ನಿಸನು. ಎರಡು ಮನೆಗಳಿಗೂ ಸಮಾನವಾದುದೊಂದಿದೆ: ದಿನವೆಲ್ಲದರಲ್ಲಿ ಹಿರಿಯರು ಕೆಲಸವನ್ನು ಬಿಟ್ಟು ಮಗುವಿನ ಮುಖವನ್ನು ಪೂರ್ತಿಯಾಗಿ ನೋಡುವುದು ಅದು ತಂಟೆಮಾಡಿದಾಗ ಮಾತ್ರ. ಹಸಿದವನು ಹಳಸಿದ ಅನ್ನವನ್ನಾದರೂ ಉಣ್ಣುವಂತೆ, ಗಮನಕ್ಕೆ ಹಸಿದ ಮಗುವು ಬೈಗುಳನ್ನಾದರೂ ಬೇಡಿ ಪಡೆಯುವುದು.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಅವಶ್ಯವಾಗಿ ಹೇಳಬೇಕು. ಹಳಗನ್ನಡ ವ್ಯಾಕರಣವನ್ನು ಓದಿದವರಿಗೆ ‘ಒಲ್ಲೆಂ’ ಎಂಬುದೂ ‘ಆರೆಂ’ ಎಂಬುದೂ ಎರಡು ಬೇರೆ ಬೇರೆ ನಿಷೇಧರೂಪಗಳೆಂಬುದು ವಿದಿತವೇ ಇದೆ. ಮೊದಲನೆಯದಕ್ಕೆ ಇಷ್ಟವಿಲ್ಲವೆಂದೂ ಎರಡನೆಯದಕ್ಕೆ ಶಕ್ತಿಯಿಲ್ಲವೆಂದೂ ಅರ್ಥ. ಮಗುವಿನ ಬಾಯಿಯು ‘ಒಲ್ಲೆ’ನೆನ್ನುವಾಗ ಅದರ ಮನಸ್ಸು ‘ಆರೆ’ನೆನ್ನುತ್ತಿರಬಹುದು. ಅಕ್ಷರಗಳು ಕಣ್ಣಿಗೆ ಕೂಡದಿರುವ ಕಲಿಕೆಯ ನ್ಯೂನತೆ, ಒಂದೆಡೆ ಕೂರಲೂ ಗಮನವಿಡಲೂ ಆಗದ ಚಂಚಲತೆಯ ವಿಕಾರ, ಕಿವಿಯ ಮಂದತೆ, ಒಳಗೇ ಕೊರೆಯುವ ಖಿನ್ನತೆ, ಶಾಲೆಯಲ್ಲಿ ಬಲಿಷ್ಠರ ಕಾಟ, ಮನೆಯಲ್ಲಿ ಕುಡಿತದ ಜಗಳ, ಇವೆಲ್ಲವೂ ಹಠದ ವೇಷವನ್ನು ಹಾಕಿಕೊಂಡು ಬರುತ್ತವೆ. ರಾಯಚೂರಿನ ಸೀಮೆಯಿಂದ ಬಂದು ಏಕಾಏಕಿ ಇಂಗ್ಲಿಷ್ ಮಾಧ್ಯಮದ ಮೂರನೆಯ ತರಗತಿಯಲ್ಲಿ ಕುಳಿತ ಬಾಲಕನಿಗೆ ಪಾಠವೇ ತಿಳಿಯದಿದ್ದರೆ “ನನಗೆ ತಿಳಿಯದು” ಎನ್ನುವ ಅವಮಾನಕ್ಕಿಂತ “ನಾನು ಬರೆಯುವುದಿಲ್ಲ” ಎನ್ನುವ ಸೊಕ್ಕು ಸುಲಭವಾಗಿ ತೋರುತ್ತದೆ. ಆದುದರಿಂದ ತೀರ್ಪನ್ನು ಕೊಡುವ ಮೊದಲು ‘ಒಲ್ಲೆ’ಯೋ ‘ಆರೆ’ಯೋ ಎಂಬುದನ್ನು ವಿಚಾರಿಸತಕ್ಕದ್ದು.

ಪೂರ್ವಪಕ್ಷ

ಇಲ್ಲಿ ಮೂರು ಆಕ್ಷೇಪಗಳು ಬರಬಹುದು. ಐದು ವರ್ಷ ಕಳೆದ ಮಗನನ್ನು ದಂಡಿಸಬೇಕೆಂಬ ಅರ್ಥದ ನೀತಿಶ್ಲೋಕವು ಎಲ್ಲರ ಬಾಯಲ್ಲಿಯೂ ಇದೆಯಲ್ಲವೆ ಎಂಬುದು ಮೊದಲನೆಯದು. ಇರುವುದು ನಿಜ. ಆದರೆ ನಮ್ಮ ಪ್ರಾಚೀನರು ಹೇಳಿದುದು ಅದೊಂದೇ ಅಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ನೋಡಿರಿ. ಮಗುವು ಅಳುತ್ತಿರಲಿ, ಉಣ್ಣದಿರಲಿ, ಹೇಳಿದಂತೆ ಕೇಳದಿರಲಿ, ರಾಕ್ಷಸ, ಪಿಶಾಚ, ಪೂತನೆಯರ ಹೆಸರನ್ನು ಹೇಳಿ ಅದನ್ನು ಹೆದರಿಸಕೂಡದೆಂದು ಆ ಗ್ರಂಥಕಾರನು ಸ್ಪಷ್ಟವಾಗಿ ವಿಧಿಸಿದ್ದಾನೆ. ‘ವಿಧೇಯತೆ’ಯೆಂಬ ಶಬ್ದವನ್ನೇ ಅಲ್ಲಿ ಪ್ರಯೋಗಿಸಿರುವುದು ಗಮನಾರ್ಹವು. ಹೆಸರು ಹೇಳಿ ಹೆದರಿಸುವುದೇ ನಿಷಿದ್ಧವಾದರೆ ಬೆತ್ತದ ಮಾತೇನು? ಪಂಚತಂತ್ರದ ಕಥಾರಂಭವನ್ನೂ ನೆನೆಯಬಹುದು. ವಿದ್ಯೆಗೆ ವಿಮುಖರಾದ ಮೂವರು ರಾಜಕುಮಾರರನ್ನು ವಿಷ್ಣುಶರ್ಮನು ದಂಡದಿಂದ ತಿದ್ದಲಿಲ್ಲ, ಕಥೆಯಿಂದ ತಿದ್ದಿದನು. ಇಂದಿನ ಸಂಶೋಧನೆಗಳಾದರೂ ಇದನ್ನೇ ಹೇಳುತ್ತವೆ: ಏಟು ಆ ಗಳಿಗೆಯ ನಡತೆಯನ್ನು ನಿಲ್ಲಿಸಬಹುದು, ಆದರೆ ಹೆಚ್ಚು ಏಟು ತಿಂದ ಮಕ್ಕಳಲ್ಲಿ ಕಾಲಕ್ರಮೇಣ ಹಠವೂ ಆಕ್ರಮಣಶೀಲತೆಯೂ ಹೆಚ್ಚುವುದೇ ಕಂಡುಬಂದಿದೆ. ರಾಜಶಾಸನವನ್ನು ನೋಡಿದರೆ, 2009ರ ಶಿಕ್ಷಣದ ಹಕ್ಕಿನ ಅಧಿನಿಯಮದ 17ನೆಯ ಪ್ರಕರಣವು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ದೃಷ್ಟಿದೋಷ, ಗ್ರಹಚಾರಗಳಿಂದ ಹೀಗಾಗಿರಬಾರದೇಕೆ ಎಂಬುದು ಎರಡನೆಯ ಆಕ್ಷೇಪ. ತಾಯಿಯು ಮಗುವನ್ನು ಕರೆತಂದು ಗುರುಗಳ ಆಶೀರ್ವಾದವನ್ನು ಪಡೆಯುವುದರಿಂದ ಅವಳ ಮನಸ್ಸಿಗೆ ಧೈರ್ಯವುಂಟಾಗುವುದಾದರೆ ಅದು ಒಳ್ಳೆಯದೇ. ಆದರೆ ಯಂತ್ರ ತಾಯಿತಗಳಿಗಾಗಿ ಊರೂರು ಅಲೆಯುತ್ತ ಎರಡು ವರ್ಷಗಳನ್ನು ಕಳೆದರೆ, ಕಳೆದುಹೋದ ಆ ಎರಡು ವರ್ಷಗಳು ಮಗುವಿನವು. ದೊಡ್ಡವನಾದರೆ ತಾನೇ ಸರಿಹೋಗುವನೆಂಬುದು ಮೂರನೆಯದು. ಅನೇಕರು ಸರಿಹೋಗುವರು, ಸುಳ್ಳಲ್ಲ. ಕೆಲವರು ಹೋಗರು. ಅಂಥವರಲ್ಲಿ ಕೆಲವರ ಹಠವು ಹೊಡೆದಾಟ, ಕಳ್ಳತನ, ಶಾಲೆಬಿಡುವಿಕೆಗಳ ಕಡೆಗೆ ತಿರುಗುವುದೂ, ಇನ್ನು ಕೆಲವರಲ್ಲಿ ಆತಂಕ, ಖಿನ್ನತೆಗಳಾಗಿ ಒಳಗೆ ತಿರುಗುವುದೂ ಉಂಟು. ಯಾವ ಮಗು ಯಾವ ದಾರಿಗೆ ಹೋಗುವುದೆಂದು ಮುಂಚಿತವಾಗಿ ಹೇಳಬಲ್ಲವರಿಲ್ಲದಿರುವುದರಿಂದ ಕಾದು ನೋಡುವುದು ವಿವೇಕವಲ್ಲ.

ಉಪಾಯ

ಚಿಕಿತ್ಸೆಯ ವಿಷಯದಲ್ಲಿ ಮೊದಲು ತಿಳಿಯಬೇಕಾದುದು ಇದು: ವಿರೋಧವಿಕಾರವೊಂದಕ್ಕೇ ಎಂದು ಕೊಡುವ ಗುಳಿಗೆಯಿಲ್ಲ. ಜೊತೆಯಲ್ಲಿ ಚಂಚಲತೆಯ ವಿಕಾರವೋ ಖಿನ್ನತೆಯೋ ಇದ್ದರೆ ಅದಕ್ಕೆ ವೈದ್ಯರು ಔಷಧವನ್ನು ಕೊಡಬಹುದು. ಈ ವಿಕಾರಕ್ಕೆ ಪ್ರಧಾನಚಿಕಿತ್ಸೆಯೆಂದರೆ ಪೋಷಕರಿಗೆ ಕೊಡುವ ಶಿಕ್ಷಣ. ರೋಗವು ಮಗುವಿನದೆಂದು ಬಂದವರಿಗೆ ಪಥ್ಯವನ್ನು ಹಿರಿಯರು ಮಾಡಬೇಕೆಂದು ಹೇಳಿದರೆ ಆಶ್ಚರ್ಯವಾಗಬಹುದು. ಆದರೆ ಮೊಲೆಯುಣ್ಣುವ ಶಿಶುವಿನ ಆರೋಗ್ಯಕ್ಕಾಗಿ ತಾಯಿಯು ಪಥ್ಯಮಾಡುವುದು ನಮ್ಮಲ್ಲಿ ಹೊಸದೇನೂ ಅಲ್ಲವಷ್ಟೆ. ಆ ಪಥ್ಯದ ಅಂಗಗಳು ಆರು.

ಮೊದಲನೆಯದು, ನಿತ್ಯವೂ ಹತ್ತು ನಿಮಿಷ. ದಿನಕ್ಕೊಮ್ಮೆ, ಸಾಧ್ಯವಾದಮಟ್ಟಿಗೆ ಒಂದೇ ವೇಳೆಯಲ್ಲಿ, ಮಗುವು ತಾನೇ ಆರಿಸಿಕೊಂಡ ಆಟದಲ್ಲಿ ಹಿರಿಯರು ಜೊತೆಗೆ ಕೂರಬೇಕು. ಆಗ ಪಾಠ ಕೇಳುವುದಾಗಲಿ ತಪ್ಪು ತಿದ್ದುವುದಾಗಲಿ ಕೂಡದು, ಮೊಬೈಲು ಕೈಯಲ್ಲಿರಕೂಡದು. ಎರಡನೆಯ ಪಾಳಿಯ ತಂದೆಯು ಬೆಳಗ್ಗೆ ಶಾಲೆಗೆ ಬಿಡುವ ದಾರಿಯಲ್ಲಿಯೇ ಇದನ್ನು ಮಾಡಬಹುದು. ಮಗುವು ಆ ದಿನ ತಂಟೆ ಮಾಡಿತೆಂದು ಈ ಹತ್ತು ನಿಮಿಷವನ್ನು ಕಿತ್ತುಕೊಳ್ಳಬಾರದು. ಇದು ಬಹುಮಾನವಲ್ಲ, ಆಹಾರ.

ಎರಡನೆಯದು, ಒಳ್ಳೆಯದನ್ನು ಕಂಡಾಗ ಹೇಳುವುದು. “ಜಾಣ” ಎಂಬ ಒಂದು ಮಾತು ಸಾಲದು. “ಕರೆದ ಕೂಡಲೆ ಬಂದೆಯಪ್ಪ, ಸಂತೋಷವಾಯಿತು” ಎಂದು ಮಾಡಿದ ಕೆಲಸವನ್ನು ಹೆಸರಿಸಿ, ಮಾಡಿದ ಕೂಡಲೇ ಹೇಳಬೇಕು. ದಿನಕ್ಕೆ ಇಪ್ಪತ್ತು ತಪ್ಪುಗಳನ್ನು ಎಣಿಸುವ ಕಣ್ಣು ಐದು ಒಳ್ಳೆಯ ನಡತೆಗಳನ್ನಾದರೂ ಹುಡುಕಲಿ.

ಮೂರನೆಯದು, ಆಜ್ಞೆಯ ರೀತಿ. ಒಂದು ವಾಕ್ಯವು ಎರಡನ್ನು ವಿಧಿಸಿದರೆ ವಾಕ್ಯಭೇದವೆಂಬ ದೋಷವೆಂದು ಮೀಮಾಂಸಕರು ಹೇಳುತ್ತಾರೆ. ಮನೆಯಲ್ಲಿ ನಾವು ಮಾಡುವುದೇನು? “ಮೊಬೈಲು ಇಡು, ಕೈತೊಳಿ, ಚೀಲ ತೆಗೆ, ನಿನ್ನೆಯೂ ಹೀಗೇ ಮಾಡಿದೆ, ನಿನ್ನ ತಂಗಿಯನ್ನು ನೋಡು” ಎಂದು ಒಂದೇ ಉಸಿರಿನಲ್ಲಿ ಐದು ವಾಕ್ಯಭೇದಗಳನ್ನು ಮಾಡುತ್ತೇವೆ. ಹಾಗಲ್ಲದೆ ಹತ್ತಿರ ಹೋಗಿ, ಮಗುವಿನ ಕಣ್ಣಿನ ಮಟ್ಟಕ್ಕೆ ಬಾಗಿ, ಹೆಸರು ಕರೆದು, ಶಾಂತವಾದ ದನಿಯಿಂದ ಒಂದೇ ಕೆಲಸವನ್ನು ಹೇಳಿ, ಐದು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯಬೇಕು. ನಿಷೇಧಕ್ಕಿಂತ ವಿಧಿಯು ಮೇಲು: “ಓಡಬೇಡ” ಎನ್ನುವುದಕ್ಕಿಂತ “ನನ್ನ ಕೈ ಹಿಡಿದು ನಡೆ” ಎನ್ನುವುದು ಮಗುವಿಗೆ ಸ್ಪಷ್ಟ. ಸಾಧ್ಯವಿರುವ ಕಡೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಡಬೇಕು: “ಮೊದಲು ಲೆಕ್ಕವೋ, ಕನ್ನಡವೋ?” ಮಾಡಿಸಲು ನಮ್ಮಿಂದಾಗದ ಆಜ್ಞೆಯನ್ನು ಕೊಡಲೇಬಾರದು.

ನಾಲ್ಕನೆಯದು, ಉಪೇಕ್ಷೆ. ಗೊಣಗುವುದು, ಕಾಲು ಬಡಿಯುವುದು, ಮುಖ ತಿರುಗಿಸುವುದು ಇವುಗಳಿಂದ ಯಾರಿಗೂ ಪೆಟ್ಟಾಗದು. ಇವನ್ನು ಕಂಡೂ ಕಾಣದಂತಿದ್ದು, ನಿಂತ ಮರುಗಳಿಗೆಯೇ ಪ್ರೀತಿಯಿಂದ ಮಾತನಾಡಿಸಬೇಕು. ಇಲ್ಲೊಂದು ಎಚ್ಚರಿಕೆ. ಉಪೇಕ್ಷಿಸಲು ತೊಡಗಿದ ಮೊದಲ ದಿನಗಳಲ್ಲಿ ಗದ್ದಲವು ಕಡಿಮೆಯಾಗುವ ಬದಲು ಹೆಚ್ಚುವುದು. ಸದಾ ತೆರೆಯುತ್ತಿದ್ದ ಬಾಗಿಲು ಒಂದು ದಿನ ತೆರೆಯದಿದ್ದರೆ ಮತ್ತಷ್ಟು ಗಟ್ಟಿಯಾಗಿ ತಟ್ಟುವುದು ಮನುಷ್ಯಸ್ವಭಾವವಷ್ಟೆ. ಆ ಸಮಯದಲ್ಲಿ ಸೋತು ಬಿಟ್ಟುಕೊಟ್ಟರೆ ಹೆಚ್ಚು ಗದ್ದಲಕ್ಕೆ ಹೆಚ್ಚು ಫಲವೆಂದು ನಾವೇ ಕಲಿಸಿದಂತಾಗುತ್ತದೆ.

ಐದನೆಯದು, ಫಲ. ಹೊಡೆಯುವುದು, ವಸ್ತುಗಳನ್ನು ಒಡೆಯುವುದು ಮುಂತಾದುವನ್ನು ಉಪೇಕ್ಷಿಸಲಾಗದು. ಅವುಗಳಿಗೆ ಮೊದಲೇ ತಿಳಿಸಿಟ್ಟ ಚಿಕ್ಕದೊಂದು ಫಲವಿರಬೇಕು: ಅಂದಿನ ಅರ್ಧ ಗಂಟೆಯ ಆಟ ಇಲ್ಲ, ಅಥವಾ ಐದಾರು ನಿಮಿಷ ಒಂದೆಡೆ ಸುಮ್ಮನೆ ಕುಳಿತಿರುವುದು. ಊಟವನ್ನು ತಪ್ಪಿಸುವುದು, ಕತ್ತಲೆಯಲ್ಲಿ ಕೂಡುವುದು, ನೆಂಟರೆದುರಿಗೆ ಮಾನ ಕಳೆಯುವುದು ಎಂದಿಗೂ ಕೂಡದು. ಫಲವು ಚಿಕ್ಕದಾಗಿರಲಿ, ತಪ್ಪದೆ ಬರಲಿ, ಮುಗಿದ ಮೇಲೆ ಮತ್ತೆ ಎತ್ತಿ ಆಡದಿರಲಿ.

ಆರನೆಯದು, ಏಕವಾಕ್ಯತೆ. ತಾಯಿ, ತಂದೆ, ಅಜ್ಜಿ, ತಾತ ಎಲ್ಲರೂ ಮಗುವಿಲ್ಲದ ವೇಳೆಯಲ್ಲಿ ಕುಳಿತು ಮೂರು ನಾಲ್ಕು ನಿಯಮಗಳನ್ನು ಒಪ್ಪಿಕೊಂಡು, ಅವುಗಳನ್ನು ಮಾತ್ರ ನಡೆಸಬೇಕು. ಅಜ್ಜಿಯನ್ನು ದೂರಿ ದೂರವಿಡದೆ ಅವಳನ್ನು ಈ ಪಥ್ಯದಲ್ಲಿ ಸೇರಿಸಿಕೊಳ್ಳುವುದೇ ಜಾಣತನ. ಶಾಲೆಯ ಉಪಾಧ್ಯಾಯರಿಗೂ ವಿಷಯವನ್ನು ತಿಳಿಸಿ, ಅಂದಂದಿನ ಒಂದು ಒಳ್ಳೆಯ ಮಾತನ್ನು ಪುಸ್ತಕದಲ್ಲಿ ಬರೆದು ಕಳುಹಿಸುವಂತೆ ಬೇಡಿಕೊಂಡರೆ ಎರಡು ಕಡೆಯ ಕೆಲಸವು ಕೂಡಿಬರುವುದು.

ಇವುಗಳ ಪರಿಣಾಮವು ಒಂದು ವಾರದಲ್ಲಿ ಕಾಣದು. ಕೆಲವು ತಿಂಗಳುಗಳಾದರೂ ಬೇಕು. ನಡುವೆ ಹಿಂದಕ್ಕೆ ಜಾರುವ ದಿನಗಳೂ ಬರುವುವು. ಆದುದರಿಂದ ನುರಿತವರ ಸಹಾಯವನ್ನು ಪಡೆಯಲು ನಾಚಬಾರದು. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕಾಗಿಯೇ ಪ್ರತ್ಯೇಕ ವಿಭಾಗವುಂಟು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಅದು ಅದೇ ರಸ್ತೆಯ ಮೇಲಿದೆ. ಅಲ್ಲಿಗೆ ಹೋಗಲು ರಜೆ ದೊರೆಯದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416ಕ್ಕೆ ಹಗಲು ರಾತ್ರಿ ಯಾವ ವೇಳೆಯಲ್ಲಾದರೂ ದೂರವಾಣಿ ಮಾಡಬಹುದು. ಹಣ ತಗಲುವುದಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮಗುವನ್ನು ಯಾರಾದರೂ ಹಿಂಸಿಸುತ್ತಿರುವರೆಂಬ ಶಂಕೆಯುಂಟಾದರೆ ಮಕ್ಕಳ ಸಹಾಯವಾಣಿ 1098 ಇದೆ. ಮಗುವು ಸಾಯುವ ಮಾತನ್ನಾಡಿದರೆ, ಮನೆಬಿಟ್ಟು ಓಡಿದರೆ, ಆಯುಧವನ್ನೆತ್ತಿದರೆ, ಪ್ರಾಣಿಗಳನ್ನು ಹಿಂಸಿಸಿದರೆ, ಬೆಂಕಿಯೊಡನೆ ಆಡಿದರೆ ಒಂದು ದಿನವನ್ನೂ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಅಲ್ಲಿಗೆ ಹೋದರೆ ‘ಹುಚ್ಚ’ನೆಂಬ ಹೆಸರು ಬರುವುದೆಂದು ಅಂಜುವವರಿಗೆ ಹೇಳುವುದಿಷ್ಟೆ: ‘ಕೆಟ್ಟವನು’ ಎಂಬ ಹೆಸರನ್ನು ನಾವೇ ಆಗಲೇ ಇಟ್ಟುಬಿಟ್ಟಿದ್ದೇವೆ, ಅದಕ್ಕಿಂತ ಭಾರವಾದ ಹೆಸರು ಮಗುವಿಗೆ ಬೇರೊಂದಿಲ್ಲ.

ಶ್ರೀಮಠದ ಕರ್ತವ್ಯ

ಕಡೆಯದಾಗಿ, ಮಠದ ನಿಲಯದಲ್ಲಿಟ್ಟುಕೊಂಡು ತಿದ್ದಬೇಕೆಂಬ ಬಿನ್ನಹದ ವಿಷಯ. ದೂರದೂರಿನ ಬಡಮಕ್ಕಳ ವಿದ್ಯಾಭ್ಯಾಸಕ್ಕಾಗಿ ಪ್ರಸಾದನಿಲಯಗಳನ್ನು ನಡೆಸುವುದು ನಮ್ಮ ಮಠಗಳ ಹಿರಿಯ ಸಂಪ್ರದಾಯ. ಓದಿನ ಆಸೆಯಿಂದ ಬರುವ ಮಗುವಿಗೆ ಆ ಬಾಗಿಲು ಎಂದಿಗೂ ತೆರೆದಿದೆ. ಆದರೆ “ಮಾತು ಕೇಳದಿದ್ದರೆ ಮಠಕ್ಕೆ ಹಾಕುತ್ತೇನೆ” ಎಂದು ಮನೆಯಲ್ಲಿ ಹೆದರಿಸಿ ಕರೆತಂದ ಮಗುವಿಗೆ ನಿಲಯವು ಸೆರೆಮನೆಯಾಗುತ್ತದೆ, ಗುರುವಿನ ಹೆಸರು ಪೂತನಿಯ ಹೆಸರಿನಂತಾಗುತ್ತದೆ. ಮಗುವನ್ನು ದೂರ ಕಳುಹಿಸಿದರೆ ಮನೆಯ ಸರಪಣಿಯು ಕಳಚುವುದಿಲ್ಲ. ರಜೆಗೆ ಅವನು ಹಿಂದಿರುಗಿದ ದಿನವೇ ಅದು ಮತ್ತೆ ಬಿಗಿಯುವುದು. ಅಷ್ಟೇ ಅಲ್ಲ, ತನ್ನವರೇ ತನ್ನನ್ನು ಹೊರಗೆ ಹಾಕಿದರೆಂಬ ಗಾಯವೊಂದು ಹೊಸದಾಗಿ ಸೇರುವುದು.

ಹಾಗಾದರೆ ಮಠವು ಮಾಡಬಹುದಾದುದೇನು? ಹುಣ್ಣಿಮೆಯ ಸಂಜೆ ಭಕ್ತರು ಹೇಗೂ ಕೂಡುವರಷ್ಟೆ. ಅಂದು ಒಂದು ಗಂಟೆಯ ಕಾಲ ತಾಯಿತಂದೆಗಳೂ ಅಜ್ಜಿ ತಾತಂದಿರೂ ಕುಳಿತು, ಈ ವಿಷಯದಲ್ಲಿ ಶಿಕ್ಷಣ ಪಡೆದವರೊಬ್ಬರ ಮುಂದೆ ತಮ್ಮ ಕಷ್ಟವನ್ನು ಹೇಳಿಕೊಳ್ಳುವ ಏರ್ಪಾಟನ್ನು ಮಾಡಬಹುದು. ತನ್ನ ಮನೆಯೊಂದರಲ್ಲಿಯೇ ಹೀಗೆಂದು ಕೊರಗುವ ತಾಯಿಗೆ ಪಕ್ಕದಲ್ಲಿ ಕುಳಿತವಳ ಮನೆಯಲ್ಲಿಯೂ ಹೀಗೆಯೇ ಎಂದು ತಿಳಿಯುವುದೇ ಅರ್ಧ ಔಷಧ. ನಿಲಯದ ಮೇಲ್ವಿಚಾರಕರಿಗೂ ನಮ್ಮ ಪಾಠಶಾಲೆಯ ಉಪಾಧ್ಯಾಯರಿಗೂ ಇದೇ ಶಿಕ್ಷಣವಾಗಬೇಕು. ಬೆತ್ತವು ನಿಲಯದಿಂದ ಹೊರಗೆ ಹೋಗಬೇಕು. ಈ ಎರಡು ಮಾತುಗಳನ್ನು ಮಹೋತ್ಸವದ ಸಮಿತಿಯವರ ಮುಂದೆ ವಿನಯದಿಂದ ಇಡುತ್ತೇನೆ. ಕಟ್ಟಡಗಳನ್ನು ಎತ್ತುವುದಕ್ಕೆ ಆಗುವ ವೆಚ್ಚದಲ್ಲಿ ನೂರರಲ್ಲೊಂದು ಪಾಲೂ ಇದಕ್ಕೆ ಬೇಡ.

ಭಕ್ತಮಹಾಶಯರೇ, ವಿಧೇಯತೆಯೆಂಬುದು ಮಗುವು ಹಿರಿಯರಿಗೆ ಸಲ್ಲಿಸುವ ಕಪ್ಪವಲ್ಲ. ನಂಬಿದವರ ಮಾತನ್ನು ಕೇಳುವುದೇ ವಿಧೇಯತೆ. ನಂಬಿಕೆಯನ್ನು ಮೊದಲು ಗಳಿಸಬೇಕಾದವರು ದೊಡ್ಡವರು. ತಾವು ಇಂದು ಮನೆಗೆ ಹೋದಮೇಲೆ, ಹೆಚ್ಚೇನೂ ಬೇಡ, ಹತ್ತು ನಿಮಿಷ ಮಗುವಿನ ಬಳಿ ಸುಮ್ಮನೆ ಕುಳಿತುಕೊಳ್ಳಿರಿ. ಅದು ಏನು ಆಡುತ್ತಿದೆಯೆಂದು ಕೇಳಿರಿ. ನಾಳೆಯೂ ಹಾಗೆಯೇ ಮಾಡಿರಿ.